ಈ ಹುಲ್ಲುಗಾವಲು ಕಡಿದ ಕಾಡೋ, ಅಲ್ಲವೋ? ನೀಲಗಿರಿಯ ಕೆಸರು ಕೊಟ್ಟ ಸಾಕ್ಷಿ

(ಕಂತಿನ ಪೂರ್ಣ ಪಠ್ಯ. ಓದಲು ಅನುಕೂಲವಾಗುವಂತೆ ಅಲ್ಲಲ್ಲಿ ಸ್ವಲ್ಪ ತಿದ್ದಲಾಗಿದೆ.)

ಇವತ್ತು ಒಂದು ಚಿಕ್ಕ ಕೆಲಸದಿಂದ ಶುರು ಮಾಡೋಣ. ತಲೆಯಿಂದ ಒಂದು ಕೂದಲು ಕೀಳಿ. ಬಸ್ಸಲ್ಲಿ ಕೂತು ಕೇಳ್ತಾ ಇದ್ರೆ ಬೇಡ, ಪಕ್ಕದವರು ಗಾಬರಿ ಆಗ್ತಾರೆ. ಆ ಕೂದಲನ್ನ ಸರಿಯಾದ ಲ್ಯಾಬಿಗೆ ಕೊಟ್ಟರೆ, ನೀವು ಹೆಸರು ಊರು ಏನೂ ಹೇಳದೇನೇ, ಕಳೆದ ಕೆಲವು ತಿಂಗಳು ನಿಮ್ಮ ತಟ್ಟೆಯಲ್ಲಿ ರಾಗಿ ಮುದ್ದೆ, ಜೋಳದ ರೊಟ್ಟಿ ಜಾಸ್ತಿ ಇತ್ತಾ ಅಥವಾ ಅನ್ನ, ಚಪಾತಿ ಜಾಸ್ತಿ ಇತ್ತಾ ಅಂತ ಒಂದು ಅಂದಾಜು ಹೇಳ್ತಾರೆ. ಕೂದಲು ತಿಂಗಳಿಗೆ ಹೆಚ್ಚುಕಡಿಮೆ ಒಂದು ಸೆಂಟಿಮೀಟರ್ ಬೆಳೆಯುತ್ತೆ. ಹಾಗಾಗಿ ಉದ್ದ ಕೂದಲು ಇದ್ದವರದ್ದು ಬುಡದಿಂದ ತುದಿವರೆಗೆ ಒಂದು ಡೈರಿ ಇದ್ದ ಹಾಗೆ.

ಇದು ಮ್ಯಾಜಿಕ್ ಅಲ್ಲ, ಡಿಎನ್‌ಎ ಟೆಸ್ಟೂ ಅಲ್ಲ. ಕೂದಲಲ್ಲಿರೋ ಇಂಗಾಲವನ್ನ, ಅಂದರೆ ಕಾರ್ಬನ್ನನ್ನ, ತೂಗೋದು ಅಷ್ಟೇ. ಇದೇ ತೂಕದ ವಿದ್ಯೆ ಒಂದು ದೊಡ್ಡ ಜಗಳದಲ್ಲಿ ಸಾಕ್ಷಿ ಹೇಳಿದೆ. ಜಗಳ ನಮ್ಮ ಪಕ್ಕದಲ್ಲೇ, ಗುಂಡ್ಲುಪೇಟೆ ದಾಟಿ, ಬಂಡೀಪುರ ದಾಟಿ, ಘಾಟಿ ಹತ್ತಿದರೆ ಸಿಗೋ ನೀಲಗಿರಿ ಬೆಟ್ಟದ್ದು. ಊಟಿಯ ಸುತ್ತ ಕಾಣೋ ಹುಲ್ಲಿನ ಗುಡ್ಡಗಳು ಮೊದಲಿಂದಲೂ ಹುಲ್ಲೇ ಆಗಿದ್ದವಾ, ಇಲ್ಲ ಮನುಷ್ಯ ಕಾಡು ಕಡಿದು, ಸುಟ್ಟು, ದನ ಮೇಯಿಸಿ ಹಾಗೆ ಮಾಡಿದ್ದಾ? ಕೇಳೋಕೆ ಸಣ್ಣ ಪ್ರಶ್ನೆ. ಆದರೆ ಇದರ ಉತ್ತರದ ಮೇಲೆ ಸಾವಿರಾರು ಎಕರೆಯ ಹಣೆಬರಹ ನಿಂತಿತ್ತು. ಈಗಲೂ ನಿಂತಿದೆ.

ಮೊದಲು ತೂಕದ ವಿಷಯ ಮುಗಿಸಿಬಿಡೋಣ.

ಕಾರ್ಬನ್ ಪರಮಾಣು ಅಂದ್ರೆ ಅದರ ನಡುವೆ 6 ಪ್ರೋಟಾನ್ ಇರಲೇಬೇಕು. ಆರಿದ್ದರೆ ಮಾತ್ರ ಅದು ಕಾರ್ಬನ್. ಜೊತೆಗಿರೋ ನ್ಯೂಟ್ರಾನ್‌ಗಳ ಲೆಕ್ಕ ಮಾತ್ರ ಸ್ವಲ್ಪ ಆಚೀಚೆ ಆಗಬಹುದು. ಬಹುಪಾಲು ಪರಮಾಣುಗಳಲ್ಲಿ 6 ನ್ಯೂಟ್ರಾನ್, ಅದು ಕಾರ್ಬನ್-12. ನೂರಕ್ಕೆ ಒಂದರಷ್ಟರಲ್ಲಿ 7, ಅದು ಕಾರ್ಬನ್-13. ಇನ್ನು ತೀರಾ ಅಪರೂಪಕ್ಕೆ 8, ಅದು ಕಾರ್ಬನ್-14. ಮೂರಕ್ಕೂ ಗುಣ ಒಂದೇ, ತೂಕ ಬೇರೆ. ಆವರ್ತಕ ಕೋಷ್ಟಕದಲ್ಲಿ ಮೂರೂ ಕೂರೋದು ಒಂದೇ ಮನೆಯಲ್ಲಿ. ಅದಕ್ಕೇ ಇವನ್ನ ಐಸೋಟೋಪ್ ಅಂತಾರೆ. 1913ರಲ್ಲಿ ಫ್ರೆಡೆರಿಕ್ ಸಾಡಿ ಅನ್ನೋ ವಿಜ್ಞಾನಿ ಈ ಪದ ಬಳಕೆಗೆ ತಂದರು. ಪದವನ್ನ ಸೂಚಿಸಿದ್ದು ಮಾರ್ಗರೆಟ್ ಟಾಡ್ ಅನ್ನೋ ವೈದ್ಯೆ. ಗ್ರೀಕ್‌ನಲ್ಲಿ 'ಅದೇ ಜಾಗ' ಅಂತ ಅರ್ಥ. ನಮ್ಮ ಪಠ್ಯಪುಸ್ತಕದ 'ಸಮಸ್ಥಾನಿ' ಅನ್ನೋದೂ ಅದೇ. ಪರೀಕ್ಷೆಗೆ ಬಾಯಿಪಾಠ ಮಾಡುವಾಗ ಭಯಂಕರವಾಗಿ ಕೇಳಿಸ್ತಿದ್ದ ಪದ, ಬಿಡಿಸಿ ನೋಡಿದ್ರೆ ಎಷ್ಟು ಸರಳ ಅಲ್ವಾ?

ಈಗ ಗಿಡದ ಹತ್ತಿರ ಬನ್ನಿ. ಗಿಡ ಗಾಳಿಯಿಂದ ಕಾರ್ಬನ್ ಡೈಆಕ್ಸೈಡ್ ಎಳೆದುಕೊಂಡು ಸಕ್ಕರೆ ಮಾಡುತ್ತೆ. ಈ ಕೆಲಸ ಮಾಡೋ ಕಿಣ್ವದ ಹೆಸರು ರುಬಿಸ್ಕೋ. ಇದಕ್ಕೆ ಒಂದು ಚಾಳಿ ಇದೆ: ಹಗುರ ಕಾರ್ಬನ್-12 ಕಂಡ್ರೆ ಇಷ್ಟ, ಭಾರದ ಕಾರ್ಬನ್-13 ಅಷ್ಟಕ್ಕಷ್ಟೇ. ಸಂತೆಯಲ್ಲಿ ಟೊಮೆಟೊ ರಾಶಿ ಮುಂದೆ ನಿಂತವರ ಹಾಗೆ ಅಂದುಕೊಳ್ಳಿ. ಕೈ ಹಾಕಿ ಆರಿಸೋಕೆ ಬಿಟ್ರೆ ನಮಗೆ ಬೇಕಾದ್ದನ್ನ ಎತ್ತಿಕೊಂಡು ಉಳಿದದ್ದನ್ನ ರಾಶಿಗೇ ಹಾಕ್ತೀವಿ. ಮರಗಳು, ಭತ್ತ, ಗೋಧಿ, ತೊಗರಿ, ಅವರೆ, ಕಾಫಿ, ಅಡಿಕೆ, ಇವೆಲ್ಲ ಹೀಗೆ ಆರಿಸಿ ತಗೊಳ್ಳೋ ಜಾತಿ. ಸಸ್ಯಶಾಸ್ತ್ರದವರು ಇವನ್ನ ಸಿ-3 ಅಂತಾರೆ.

ಇನ್ನೊಂದು ಜಾತಿ ಇದೆ, ಸಿ-4. ಇವುಗಳಲ್ಲಿ ಬೇರೊಂದು ಕಿಣ್ವ ಮೊದಲೇ ಕಾರ್ಬನ್ನನ್ನ ಹಿಡಿದು, ಎಲೆಯ ಒಳಗಿನ ಒಂದು ಮುಚ್ಚಿದ ಕೋಣೆಗೆ ತಂದು ಸುರಿಯುತ್ತೆ. ರುಬಿಸ್ಕೋ ಇರೋದು ಆ ಕೋಣೆಯಲ್ಲಿ. ಪ್ಯಾಕ್ ಮಾಡಿದ ಕವರ್ ಕೈಗೆ ಕೊಟ್ಟ ಹಾಗಾಯ್ತು. ಆರಿಸೋಕೆ ಅವಕಾಶವೇ ಇಲ್ಲ, ಬಂದದ್ದನ್ನೆಲ್ಲ ಬಳಸಬೇಕು. ರಾಗಿ, ಜೋಳ, ಸಜ್ಜೆ, ನವಣೆ, ಮೆಕ್ಕೆಜೋಳ, ಕಬ್ಬು, ಬಿಸಿಲು ನಾಡಿನ ಬಹಳಷ್ಟು ಹುಲ್ಲುಗಳು, ಎಲ್ಲ ಈ ಗುಂಪು. ಹಾಗಾಗಿ ಇವುಗಳ ಮೈಯಲ್ಲಿ ಭಾರದ ಕಾರ್ಬನ್ ಸ್ವಲ್ಪ ಜಾಸ್ತಿ.

ಸ್ವಲ್ಪ ಅಂದ್ರೆ ಎಷ್ಟು? ಹತ್ತು ಲಕ್ಷ ಕಾರ್ಬನ್ ಪರಮಾಣು ಎಣಿಸಿದರೆ ಮಾವಿನ ಎಲೆಯಂಥ ಸಿ-3 ಗಿಡದಲ್ಲಿ ಭಾರದ್ದು ಸುಮಾರು 10,760 ಸಿಗುತ್ತೆ. ರಾಗಿಯಂಥ ಸಿ-4 ಗಿಡದಲ್ಲಿ ಸುಮಾರು 10,910. ಹತ್ತು ಲಕ್ಷದಲ್ಲಿ ಬರೀ 150ರ ವ್ಯತ್ಯಾಸ! ಕಣ್ಣಿಗೆ, ನಾಲಿಗೆಗೆ ಏನೂ ಗೊತ್ತಾಗಲ್ಲ. ಮಾಸ್ ಸ್ಪೆಕ್ಟ್ರೋಮೀಟರ್ ಅನ್ನೋ ಯಂತ್ರಕ್ಕೆ ಗೊತ್ತಾಗುತ್ತೆ. ಮಾದರಿಯನ್ನ ಸುಟ್ಟು ಕಾರ್ಬನ್ ಡೈಆಕ್ಸೈಡ್ ಮಾಡಿ, ಅದಕ್ಕೆ ವಿದ್ಯುದಂಶ ಕೊಟ್ಟು, ಅಯಸ್ಕಾಂತದ ಪಕ್ಕದಲ್ಲಿ ಓಡಿಸ್ತಾರೆ. ತಿರುವಿನಲ್ಲಿ ಹಗುರದ್ದು ಹೆಚ್ಚು ಬಾಗುತ್ತೆ, ಭಾರದ್ದು ಕಡಿಮೆ ಬಾಗುತ್ತೆ. ಬೇರೆ ಬೇರೆ ಕಡೆ ಬಂದು ಬಿದ್ದದ್ದನ್ನ ಎಣಿಸಿದ್ರೆ ಆಯ್ತು.

ಫಲಿತಾಂಶ ಹೇಳೋಕೆ ಒಂದು ಅಳತೆಗೋಲು ಬೇಕಲ್ಲ. ಅಮೆರಿಕದ ಸೌತ್ ಕೆರೊಲಿನಾದಲ್ಲಿ ಪೀ ಡೀ ಅನ್ನೋ ಕಡೆ ಸಿಕ್ಕ, ಬೊಂಡಾಸಿನಂಥ ಒಂದು ಕಡಲಜೀವಿಯ ಪಳೆಯುಳಿಕೆಯನ್ನೇ ಸೊನ್ನೆ ಅಂತ ಇಟ್ಟುಕೊಂಡರು. ಆ ಮೂಲ ಮಾದರಿ ಎಲ್ಲರೂ ಬಳಸಿ ಬಳಸಿ ಯಾವತ್ತೋ ಖಾಲಿ ಆಯ್ತು. ಈಗ ಅದಕ್ಕೆ ಸರಿಹೊಂದಿಸಿದ ಬೇರೆ ಮಾದರಿಗಳನ್ನ ಬಳಸ್ತಾರೆ. ಆ ಅಳತೆಯಲ್ಲಿ ಸಿ-3 ಗಿಡಗಳು ಸರಾಸರಿ ಮೈನಸ್ 27ರ ಆಸುಪಾಸು, ಸಿ-4 ಗಿಡಗಳು ಮೈನಸ್ 13ರ ಆಸುಪಾಸು. ಸೊನ್ನೆಯಿಂದ ಸಾವಿರಕ್ಕೆ 27 ಕಡಿಮೆ, ಸಾವಿರಕ್ಕೆ 13 ಕಡಿಮೆ ಅಂತ ಅರ್ಥ. ಈ ಎರಡು ನಂಬರ್ ಮಾತ್ರ ನೆನಪಿಟ್ಟುಕೊಳ್ಳಿ: 27 ಅಂದ್ರೆ ಮರ, 13 ಅಂದ್ರೆ ಹುಲ್ಲು. ಪೂರ್ತಿ ಹೀಗೇ ಅಲ್ಲ, ಅದರ ತಕರಾರಿಗೆ ಆಮೇಲೆ ಬರ್ತೀನಿ.

ಜೇನುತುಪ್ಪದಲ್ಲಿ ಕಬ್ಬಿನ ಪಾಕ ಬೆರೆಸಿದ್ದಾರಾ ಅಂತ ಪತ್ತೆ ಹಚ್ಚೋದೂ ಹೀಗೇ. ಜೇನುಹುಳ ಹೆಚ್ಚಾಗಿ ಹೋಗೋದು ಸಿ-3 ಹೂಗಳಿಗೆ, ಕಬ್ಬು ಸಿ-4. ಬೆರೆಸಿದ್ರೆ ನಂಬರ್ ಏರುತ್ತೆ. ಕಲಬೆರಕೆ ಮಾಡೋರೂ ವಿಜ್ಞಾನ ಓದಿಕೊಂಡಿರ್ತಾರೆ ನೋಡಿ. ಅವರು ಅಕ್ಕಿಯಿಂದ ಮಾಡಿದ ಪಾಕಕ್ಕೆ ಹಾರಿದರು. ಅಕ್ಕಿ ಸಿ-3, ಹಾಗಾಗಿ ಈ ಟೆಸ್ಟಿಗೆ ಸಿಕ್ಕಿಬೀಳಲ್ಲ. ಅದಕ್ಕೆ ಬೇರೆ ಟೆಸ್ಟ್ ಬೇಕಾಯ್ತು.

ಸರಿ, ಬೆಟ್ಟ ಹತ್ತೋದಕ್ಕೆ ಮೊದಲು ಒಂದು ಆನೆ ಕಥೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆರ್. ಸುಕುಮಾರ್ ಅವರ ಹೆಸರು ಕೇಳಿರ್ತೀರಿ. ಏಷ್ಯಾದ ಆನೆಗಳ ಬಗ್ಗೆ ದಶಕಗಳ ಕಾಲ ಕೆಲಸ ಮಾಡಿದವರು. 80ರ ದಶಕದಲ್ಲಿ ಬಿಳಿಗಿರಿರಂಗನ ಬೆಟ್ಟ, ಸತ್ಯಮಂಗಲ ಕಡೆಯ ಆನೆಗಳು ಏನು ತಿಂತವೆ ಅಂತ ಹಿಂದೆ ಬಿದ್ದು ನೋಡಿದರು. ಆನೆ ಹುಲ್ಲನ್ನೂ ತಿನ್ನುತ್ತೆ, ಮರದ ಸೊಪ್ಪು ತೊಗಟೆನೂ ತಿನ್ನುತ್ತೆ. ಯಾವುದು ಎಷ್ಟು? ಮಳೆಗಾಲದಲ್ಲಿ ನೋಡಿದ್ರೆ ಬಯಲಲ್ಲಿ ನಿಂತು ಹುಲ್ಲೇ ಮೇಯ್ತಾ ಇರ್ತವೆ. ಆದರೆ ಮನುಷ್ಯ ಎಷ್ಟು ಹೊತ್ತು ಅಂತ ಆನೆ ಹಿಂದೆ ನಿಲ್ಲಬಹುದು? ರಾತ್ರಿ ಪೊದೆಯೊಳಗೆ ಏನು ತಿಂತು ಅಂತ ಯಾರು ನೋಡಿದರು? ಆಗ ಸುಕುಮಾರ್ ಮತ್ತು ಅಹಮದಾಬಾದಿನ ಫಿಸಿಕಲ್ ರಿಸರ್ಚ್ ಲ್ಯಾಬೊರೇಟರಿಯ ವಿಜ್ಞಾನಿಗಳು ಸತ್ತ ಆನೆಗಳ ಮೂಳೆ ತಗೊಂಡು ಅದರಲ್ಲಿರೋ ಪ್ರೋಟೀನಿನ ಕಾರ್ಬನ್ ತೂಗಿದರು. ಬಿಸಿಲು ನಾಡಿನ ಹುಲ್ಲು ಸಿ-4, ಮರಗಿಡದ ಸೊಪ್ಪು ಸಿ-3. ಮೂಳೆ ಹೇಳಿದ್ದು ಏನು ಗೊತ್ತಾ? ದೊಡ್ಡ ಆನೆಗಳ ಮೈಗೆ ಹತ್ತಿದ್ದರಲ್ಲಿ ಹೆಚ್ಚಿನ ಪಾಲು ಸೊಪ್ಪಿನದು. ಹೊಟ್ಟೆಗೆ ಹೋದದ್ದು ಬೇರೆ, ಮೈಗೆ ಹತ್ತಿದ್ದು ಬೇರೆ. ಸೊಪ್ಪಿನಲ್ಲಿ ಪ್ರೋಟೀನ್ ಜಾಸ್ತಿ ಇರೋದರಿಂದ ಮೂಳೆ ಕಟ್ಟೋ ಕೆಲಸ ಅದೇ ಮಾಡಿತ್ತು. ಬೈನಾಕ್ಯುಲರಿಗೆ ಕಾಣದ್ದು ಮೂಳೆಯಲ್ಲಿ ಬರೆದಿತ್ತು.

ಅದೇ ಸುಕುಮಾರ್, ಅದೇ ಅಹಮದಾಬಾದ್ ಲ್ಯಾಬಿನ ಆರ್. ರಮೇಶ್, ಜೊತೆಗೆ ಆರ್.ಕೆ. ಪಂತ್, ಜಿ. ರಾಜಗೋಪಾಲನ್ ಇದೇ ವಿದ್ಯೆಯನ್ನ ನೀಲಗಿರಿ ಬೆಟ್ಟದ ಕೆಸರಿಗೆ ಹಾಕಿದರು. ನಿಜವಾದ ಕಥೆ ಶುರುವಾಗೋದು ಇಲ್ಲಿಂದ.

ನೀಲಗಿರಿಯ ಎತ್ತರದ ಭಾಗ, ಸಮುದ್ರಮಟ್ಟದಿಂದ 2000 ಮೀಟರ್ ಮೇಲಿನದು, ನೋಡೋಕೆ ವಿಚಿತ್ರ. ಗುಡ್ಡದ ಮೈಯೆಲ್ಲ ಹುಲ್ಲು. ಗುಡ್ಡಗಳ ಮಡಿಕೆಯಲ್ಲಿ, ನೀರು ಹರಿಯೋ ಕಡೆ ಮಾತ್ರ ಕುಳ್ಳ ಮರಗಳ ದಟ್ಟ ಕಾಡು, ಅದೇ ಶೋಲಾ. ಕಾಡಿಗೂ ಹುಲ್ಲಿಗೂ ನಡುವೆ ಚಾಕುವಿನಲ್ಲಿ ಕೊಯ್ದ ಹಾಗೆ ಗೆರೆ. ನೀವು ಮುಳ್ಳಯ್ಯನಗಿರಿ, ಬಾಬಾಬುಡನ್‌ಗಿರಿ, ಕುದುರೆಮುಖಕ್ಕೆ ಹೋಗಿದ್ರೆ ಇದೇ ನೋಟ ನೋಡಿರ್ತೀರಿ. ಇನ್‌ಸ್ಟಾಗ್ರಾಮ್‌ನಲ್ಲಿ ಹಸಿರು ಬೆಟ್ಟ, ಮಂಜು ಅಂತ ಹಾಕೋ ಫೋಟೋಗಳಲ್ಲಿ ಅರ್ಧಕ್ಕರ್ಧ ಈ ಹುಲ್ಲಿನದೇ.

19ನೇ ಶತಮಾನದಲ್ಲಿ ಇಂಗ್ಲಿಷರು ಈ ಬೆಟ್ಟ ಹತ್ತಿದಾಗ ಅಲ್ಲಿ ತೋಡರು ಎಮ್ಮೆ ಮೇಯಿಸ್ತಿದ್ದರು. ಬಡಗರು ಬೇಸಾಯ ಮಾಡ್ತಿದ್ದರು. ಬಡಗು ಅಂದ್ರೆ ಉತ್ತರ. ಕೆಲವು ಶತಮಾನಗಳ ಹಿಂದೆ ಮೈಸೂರು ಸೀಮೆಯಿಂದ ಹತ್ತಿ ಬಂದವರು ನಾವು ಅಂತ ಅವರೇ ಹೇಳಿಕೊಳ್ತಾರೆ, ಅವರ ಮಾತು ಕೇಳಿದ್ರೆ ನಮಗೆ ಅರ್ಧ ಅರ್ಥವಾಗುತ್ತೆ. ಹೊಸಬರ ಕಣ್ಣಿಗೆ ಹುಲ್ಲಿನ ಗುಡ್ಡ ಅಂದ್ರೆ ಖಾಲಿ ಜಾಗ. ಕಾಡಿರಬೇಕಾದ ಕಡೆ ಕಾಡಿಲ್ಲ ಅಂದ್ರೆ ಯಾರೋ ಹಾಳು ಮಾಡಿರಬೇಕು, ಎಮ್ಮೆ ಮೇಯಿಸಿದವರೋ ಬೆಂಕಿ ಇಟ್ಟವರೋ. ಕಂದಾಯದ ಲೆಕ್ಕದಲ್ಲಿ ಬೆಳೆ ಇಲ್ಲದ್ದೆಲ್ಲ ಬೀಳು ಭೂಮಿ. ಬೀಳು ಅಂದಮೇಲೆ ತುಂಬಿಸಬೇಕಲ್ಲ? ಆಸ್ಟ್ರೇಲಿಯಾದಿಂದ ವಾಟಲ್ ತಂದರು, ಯೂಕಲಿಪ್ಟಸ್ ತಂದರು. ಸ್ವಾತಂತ್ರ್ಯ ಬಂದಮೇಲೆ ನಿಲ್ಲಲಿಲ್ಲ, ಇನ್ನೂ ಜೋರಾಯ್ತು. ವಾಟಲ್ ತೊಗಟೆ ಚರ್ಮ ಹದ ಮಾಡೋಕೆ, ಯೂಕಲಿಪ್ಟಸ್ ತಿರುಳು ರೇಯಾನ್ ಬಟ್ಟೆ ಮಾಡೋಕೆ.

ಇಲ್ಲೊಂದು ತಮಾಷೆ ನೋಡಿ. ಕನ್ನಡದಲ್ಲಿ ಆ ಮರಕ್ಕೆ ನಾವು ಏನಂತೀವಿ? ನೀಲಗಿರಿ. ಎಲ್ಲಿಂದಲೋ ಬಂದ ಮರ ಬೆಟ್ಟದ ಹುಲ್ಲನ್ನ ಮಾತ್ರ ಅಲ್ಲ, ಬೆಟ್ಟದ ಹೆಸರನ್ನೂ ಹೊತ್ಕೊಂಡು ಹೋಯ್ತು. ಆ ಹುಲ್ಲಿನ ನಡುವೆ ಹನ್ನೆರಡು ವರ್ಷಕ್ಕೊಮ್ಮೆ ಅರಳೋ ಕುರಿಂಜಿಯ ನೀಲಿಯಿಂದ ಬೆಟ್ಟಕ್ಕೆ ಆ ಹೆಸರು ಬಂತು ಅಂತ ಹೇಳ್ತಾರೆ. ಈಗ ನೀಲಗಿರಿ ಅಂದ್ರೆ ನೆಗಡಿಗೆ ಹಚ್ಚೋ ಎಣ್ಣೆ!

ಹಾಗಾದ್ರೆ ಹುಲ್ಲು ಮೊದಲೋ, ಕಾಡು ಮೊದಲೋ? ವಾದ ಮಾಡ್ತಾ ಕೂತ್ರೆ ಮುಗಿಯಲ್ಲ. ಅಗೆದು ನೋಡಬೇಕು.

ನೀಲಗಿರಿಯ ಎತ್ತರದ ಕಣಿವೆಗಳಲ್ಲಿ, ಊಟಿ ಹತ್ತಿರದ ಸ್ಯಾಂಡಿನಲ್ಲಾ ಕಣಿವೆಯಂಥ ಕಡೆ, ಜೌಗು ಇದೆ. ಅಲ್ಲಿ ಸತ್ತ ಗಿಡದ ಬೇರು, ಎಲೆ ನೀರಲ್ಲಿ ಮುಳುಗಿ, ಗಾಳಿ ತಾಗದೆ, ಪೂರ್ತಿ ಕೊಳೆಯದೆ ಪದರ ಪದರವಾಗಿ ಕೂರುತ್ತೆ. ಕಪ್ಪಗೆ, ಮೆತ್ತಗೆ ಇರುತ್ತೆ. ಇದಕ್ಕೆ ಪೀಟ್ ಅಂತಾರೆ. ಉತ್ತರ ಯುರೋಪಿನಂಥ ಚಳಿ ದೇಶಗಳಲ್ಲಿ ಇದು ಮಾಮೂಲು, ನಮ್ಮ ಉಷ್ಣವಲಯದಲ್ಲಿ ಅಪರೂಪ. ಮೇಲಿನ ಪದರ ಹೊಸದು, ಕೆಳಗೆ ಹೋದಷ್ಟೂ ಹಳೆಯದು.

ಎಷ್ಟು ಹಳೆಯದು ಅಂತ ಹೇಳೋಕೆ ಕಾರ್ಬನ್-14 ಇದೆ. ಬದುಕಿರುವಾಗ ಗಿಡ ಗಾಳಿಯಿಂದ ಅದನ್ನ ಚೂರು ಚೂರು ತುಂಬಿಕೊಳ್ತಾ ಇರುತ್ತೆ. ಸತ್ತ ಕೂಡಲೇ ತುಂಬೋದು ನಿಲ್ಲುತ್ತೆ, ಇದ್ದದ್ದು ಕರಗೋಕೆ ಶುರುವಾಗುತ್ತೆ. 5730 ವರ್ಷಕ್ಕೆ ಅರ್ಧ, ಇನ್ನೊಂದು 5730 ವರ್ಷಕ್ಕೆ ಅದರ ಅರ್ಧ. ಉಳಿದದ್ದು ಎಷ್ಟು ಅಂತ ನೋಡಿದ್ರೆ ಸತ್ತು ಎಷ್ಟು ವರ್ಷ ಆಯ್ತು ಅಂತ ಸಿಗುತ್ತೆ. ಸುಮಾರು 50 ಸಾವಿರ ವರ್ಷದವರೆಗೆ ಈ ಗಡಿಯಾರ ನಡೆಯುತ್ತೆ. ಹೀಗೆ ಒಂದೇ ಹಿಡಿ ಕೆಸರಿನಲ್ಲಿ ಎರಡು ಮಾಹಿತಿ: ಕಾರ್ಬನ್-14 ಹೇಳೋದು ಯಾವಾಗ ಅಂತ, ಕಾರ್ಬನ್-13 ಹೇಳೋದು ಯಾವ ಗಿಡ ಅಂತ.

1993ರಲ್ಲಿ ಈ ನಾಲ್ವರ ಲೇಖನ 'ನೇಚರ್' ಪತ್ರಿಕೆಯಲ್ಲಿ ಬಂತು. ಕೆಸರಿನ ಕಥೆ ಸುಮಾರು 20 ಸಾವಿರ ವರ್ಷ ಹಿಂದಕ್ಕೆ ಹೋಗಿತ್ತು. ಆ ಕಾಲದ ಪದರದಲ್ಲಿ ಸಿ-4 ಹುಲ್ಲಿನ ಗುರುತು ಎದ್ದು ಕಾಣ್ತಿತ್ತು. ಅದು ಕೊನೆಯ ಹಿಮಯುಗ ತುತ್ತತುದಿಗೆ ಮುಟ್ಟಿದ್ದ ಹೊತ್ತು. ಜಗತ್ತಿನ ನೀರೆಲ್ಲ ಧ್ರುವಗಳ ಕಡೆ ಮಂಜುಗಡ್ಡೆಯಾಗಿ ಕೂತು ಸಮುದ್ರಮಟ್ಟ 120 ಮೀಟರಿನಷ್ಟು ಕೆಳಗಿತ್ತು, ನಮ್ಮ ಮುಂಗಾರು ಸೊರಗಿತ್ತು. ಆಮೇಲೆ ಹಿಮಯುಗ ಮುಗಿದು ಮುಂಗಾರು ಚೇತರಿಸಿಕೊಂಡ ಹಾಗೆ, ಸುಮಾರು 10-11 ಸಾವಿರ ವರ್ಷದ ಹಿಂದಿನ ಹೊತ್ತಿಗೆ, ನಂಬರ್ ಸಿ-3 ಕಡೆಗೆ ಜಾರುತ್ತೆ. ಮತ್ತೆ ಇತ್ತೀಚಿನ ಕೆಲವು ಸಾವಿರ ವರ್ಷಗಳಲ್ಲಿ ಒಣ ಕಾಲ ಬಂದು ಸಿ-4 ಹುಲ್ಲಿನ ಕೈ ಮೇಲಾಗುತ್ತೆ. 1997ರಲ್ಲಿ ಇನ್ನೂ ಆಳಕ್ಕೆ ಹೋಗಿ ಈ ದಾಖಲೆಯನ್ನ 40 ಸಾವಿರ ವರ್ಷಕ್ಕೆ ಎಳೆದರು.

ಇದರ ಅರ್ಥ ಏನು ಅಂತ ಒಂದು ನಿಮಿಷ ಯೋಚನೆ ಮಾಡಿ. 20 ಸಾವಿರ ವರ್ಷದ ಹಿಂದೆ ನೀಲಗಿರಿಯಲ್ಲಿ ಅಂತಲ್ಲ, ಇಡೀ ಭಾರತದಲ್ಲೇ ಬೇಸಾಯ ಇರಲಿಲ್ಲ. ಸಾಕಿದ ಎಮ್ಮೆ ಇರಲಿಲ್ಲ. ಕಬ್ಬಿಣದ ಕೊಡಲಿ ಇರಲಿಲ್ಲ. ಆಗಲೇ ಈ ಬೆಟ್ಟದ ಮೇಲೆ ಹುಲ್ಲುಗಾವಲು ಇತ್ತು. ಅಂದಮೇಲೆ ತೋಡರು ಕಾಡು ಸುಟ್ಟು ಹುಲ್ಲು ಮಾಡಿದರು ಅನ್ನೋ ಆರೋಪ ಎಲ್ಲಿ ನಿಲ್ಲುತ್ತೆ? ಮಳೆ, ಚಳಿ, ಗಾಳಿಯಲ್ಲಿರೋ ಕಾರ್ಬನ್ ಡೈಆಕ್ಸೈಡ್ ಹೆಚ್ಚುಕಡಿಮೆ ಆದ ಹಾಗೆ ಹುಲ್ಲೂ ಕಾಡೂ ಒಂದರ ಜಾಗಕ್ಕೆ ಇನ್ನೊಂದು ಹಿಂದೆಮುಂದೆ ಸರಿದಾಡಿವೆ. ಒಂದು ಇನ್ನೊಂದರ ಹೆಣ ಅಲ್ಲ.

ಈಗ ಆಗ ಹೇಳಿದ ತಕರಾರಿಗೆ ಬರ್ತೀನಿ, ಯಾಕಂದ್ರೆ ಈ ವಿದ್ಯೆಯನ್ನ ಕಣ್ಣುಮುಚ್ಚಿ ನಂಬಿಸೋದು ನನ್ನ ಉದ್ದೇಶ ಅಲ್ಲ. 13 ಅಂದ್ರೆ ಹುಲ್ಲು ಅನ್ನೋದು ಗಟ್ಟಿ. 27 ಅಂದ್ರೆ ಮರ ಅನ್ನೋದು ಅಷ್ಟು ಗಟ್ಟಿ ಅಲ್ಲ. ಎತ್ತರದ ಚಳಿ ಜಾಗಗಳಲ್ಲಿ ಸಿ-3 ಹುಲ್ಲುಗಳೂ ಇರ್ತವೆ. ಹಾಗಾಗಿ ಕೆಸರಿನಲ್ಲಿ ಸಿ-3 ಗುರುತು ಕಂಡ ಕೂಡಲೇ ಅಲ್ಲಿ ಶೋಲಾ ಮರ ಇತ್ತು ಅಂತ ಹೇಳೋಕಾಗಲ್ಲ, ತಂಪು ಇಷ್ಟಪಡೋ ಹುಲ್ಲೂ ಇದ್ದಿರಬಹುದು. ಅದಕ್ಕೇ ಪರಾಗದ ಕಣಗಳನ್ನ ಸೂಕ್ಷ್ಮದರ್ಶಕದಲ್ಲಿ ನೋಡಿ ಎರಡನ್ನೂ ಜೋಡಿಸ್ತಾರೆ. ಇನ್ನೊಂದು: ಸಿ-4 ಜಾಸ್ತಿ ಆಯ್ತು ಅಂದ ಮಾತ್ರಕ್ಕೆ ಮಳೆಯೇ ಕಡಿಮೆ ಆಗಿತ್ತು ಅಂತಲೂ ಅಲ್ಲ. ಗಾಳಿಯಲ್ಲಿ ಕಾರ್ಬನ್ ಡೈಆಕ್ಸೈಡ್ ಕಡಿಮೆ ಇದ್ರೂ ಸಿ-4 ಗೆಲ್ಲುತ್ತೆ, ಅದರ ಹತ್ತಿರ ಆ ಪಂಪ್ ಇದೆಯಲ್ಲ. ಬೆಟ್ಟದ ಎಲ್ಲ ಮೂಲೆಯೂ ಒಂದೇ ಕಥೆ ಹೇಳಲ್ಲ ಅನ್ನೋದು ಆಮೇಲಿನ ಮಣ್ಣಿನ ಅಧ್ಯಯನಗಳಲ್ಲಿ ಗೊತ್ತಾಗಿದೆ. ಮನುಷ್ಯ ಬಂದಮೇಲೆ ಬೆಂಕಿ, ಮೇವು ಏನೂ ಪರಿಣಾಮ ಮಾಡಲಿಲ್ಲ ಅಂತಲೂ ಯಾರೂ ಹೇಳ್ತಿಲ್ಲ. ಆದರೆ ಇಷ್ಟೆಲ್ಲ ಕಳೆದ ಮೇಲೂ ಹುಲ್ಲುಗಾವಲು ಪುರಾತನ ಅನ್ನೋ ಮಾತು ಅಲ್ಲಾಡಲ್ಲ.

ಹಾಗಾದ್ರೆ ಇಷ್ಟು ಮಳೆ ಬೀಳೋ ಕಡೆ ಮರ ಯಾಕೆ ಗುಡ್ಡ ಹತ್ತಲಿಲ್ಲ? ಒಂದು ಮುಖ್ಯ ಕಾರಣ ಚಳಿ. ಡಿಸೆಂಬರ್-ಜನವರಿಯಲ್ಲಿ ಅಲ್ಲಿ ಬಯಲಿನ ಇಬ್ಬನಿ ಹೆಪ್ಪುಗಟ್ಟಿ ಬೆಳಗ್ಗೆ ಹುಲ್ಲೆಲ್ಲ ಬೆಳ್ಳಗಿರುತ್ತೆ. ಶೋಲಾ ಮರಗಳ ಸಸಿಗಳು ಬೆಚ್ಚಗಿನ ಸೀಮೆಯ ವಂಶದವು. ಕಾಡಿನ ನೆರಳಲ್ಲಿ ಬದುಕ್ತವೆ, ಬಯಲಲ್ಲಿ ಒಂದು ರಾತ್ರಿಗೆ ಸುಟ್ಟುಹೋಗ್ತವೆ. ಚಳಿ ತಡೆಯೋ ಆಸ್ಟ್ರೇಲಿಯಾದ ವಾಟಲ್‌ಗೆ ಆ ಸಮಸ್ಯೆ ಇಲ್ಲ. ಅದರ ಬೀಜ ಮಣ್ಣೊಳಗೆ ದಶಕಗಟ್ಟಲೆ ಜೀವ ಹಿಡ್ಕೊಂಡು ಕೂತಿರುತ್ತೆ. ಕಡಿದ್ರೆ ಮತ್ತೆ ಏಳುತ್ತೆ, ಸುಟ್ರೆ ಇನ್ನೂ ಜೋರಾಗಿ ಏಳುತ್ತೆ.

ಕಳೆದುಕೊಂಡದ್ದು ಎಷ್ಟು? ನೀಲಗಿರಿಯ ದಕ್ಷಿಣಕ್ಕಿರೋ ಪಳನಿ ಬೆಟ್ಟಗಳಲ್ಲಿ, ಕೊಡೈಕೆನಾಲ್ ಇರೋ ಕಡೆ, ನಾಲ್ಕು ದಶಕಗಳಲ್ಲಿ ಮೂರನೇ ಎರಡು ಪಾಲು ಹುಲ್ಲುಗಾವಲು ಹೋಗಿದೆ ಅಂತ ಉಪಗ್ರಹ ಚಿತ್ರಗಳ ಅಧ್ಯಯನ ತೋರಿಸಿದೆ. ಕಾರಣ ಬಹುಪಾಲು ನೆಡುತೋಪು ಮತ್ತು ಬೇಸಾಯ. ಹುಲ್ಲು ಹೋದ್ರೆ ಅದನ್ನೇ ನಂಬಿದ ನೀಲಗಿರಿ ವರೆಯಾಡು ಹೋಗುತ್ತೆ. ತೋಡರ ಎಮ್ಮೆಗೆ ಮೇವಿಲ್ಲ, ಅವರ ಗುಡಿಯ ಸೂರಿಗೆ ಹೊದಿಸೋ ಹುಲ್ಲೂ ಸಿಗಲ್ಲ. ಇನ್ನು ನೀರು. ನೀಲಗಿರಿಯ ಪೈಕಾರಾ ಮೋಯಾರ್ ಆಗುತ್ತೆ, ಮೋಯಾರ್ ಭವಾನಿಗೆ ಸೇರುತ್ತೆ, ಭವಾನಿ ಕಾವೇರಿಗೆ. ಹುಲ್ಲುಗಾವಲನ್ನ ಯೂಕಲಿಪ್ಟಸ್ ತೋಪು ಮಾಡಿದಾಗ ಹೊಳೆಗೆ ಇಳಿಯೋ ನೀರು ಕಡಿಮೆ ಆಗಿದ್ದು ಅಲ್ಲೇ ಗ್ಲೆನ್‌ಮಾರ್ಗನ್‌ನಲ್ಲಿ ವರ್ಷಗಟ್ಟಲೆ ಅಳೆದು ದಾಖಲಾಗಿದೆ. ನಮ್ಮ ಬಯಲುಸೀಮೆಯ ರೈತರಿಗೆ ಇದು ಹೊಸ ಸುದ್ದಿ ಅಲ್ಲ ಬಿಡಿ. 2017ರಲ್ಲಿ ಕರ್ನಾಟಕ ಸರ್ಕಾರ ಹೊಸದಾಗಿ ನೀಲಗಿರಿ ನೆಡೋದನ್ನ ನಿಷೇಧಿಸಿದ್ದೂ ಅಂತರ್ಜಲದ ಚಿಂತೆಯಿಂದಲೇ.

ಆದರೂ ಮರ ಅಂದ್ರೆ ಒಳ್ಳೇದು, ಹುಲ್ಲು ಅಂದ್ರೆ ಖಾಲಿ ಅನ್ನೋ ಮನಸ್ಸು ಮಾತ್ರ ಹೋಗಿಲ್ಲ. ಪರಿಸರ ದಿನ ಬಂದ್ರೆ ಸಸಿ ಹಿಡ್ಕೊಂಡು ಯಾವುದಾದ್ರೂ ಗೋಮಾಳ, ಯಾವುದಾದ್ರೂ ಬೋಳು ಗುಡ್ಡ ಹುಡುಕ್ತೀವಿ. ನನಗಂತೂ ಈಗ ಆ ಬೋಳು ಅನ್ನೋ ಪದ ಕೇಳಿದ್ರೆನೇ ಕಿರಿಕಿರಿ ಆಗುತ್ತೆ. ಕಾರ್ಬನ್ ಉಳಿಸೋಕೆ ಮರ ಬೇಕು ಅಂತೀರಾ? ಹುಲ್ಲು ತನ್ನ ಕಾರ್ಬನ್ನನ್ನ ನೆಲದ ಕೆಳಗೆ, ಬೇರಿನಲ್ಲಿ ಮಣ್ಣಿನಲ್ಲಿ ಇಡುತ್ತೆ. ಫೋಟೋದಲ್ಲಿ ಕಾಣಲ್ಲ, ಬೆಂಕಿ ಬಿದ್ರೂ ಅಷ್ಟು ಸುಲಭಕ್ಕೆ ಹೋಗಲ್ಲ.

ಇಲ್ಲಿವರೆಗೆ ಹಳೇ ಕಾಲ ಆಯ್ತು. ಇವತ್ತಿನ ಗಾಳಿಯನ್ನೂ ಇದೇ ತಕ್ಕಡಿಗೆ ಹಾಕಬಹುದು.

ಕೈಗಾರಿಕೆ ಶುರುವಾಗೋಕೆ ಮೊದಲು ಗಾಳಿಯ ಹತ್ತು ಲಕ್ಷ ಕಣಗಳಲ್ಲಿ 280ರಷ್ಟು ಕಾರ್ಬನ್ ಡೈಆಕ್ಸೈಡ್ ಇತ್ತು. ಈಗ 420 ದಾಟಿದೆ. ಇದು ಜ್ವಾಲಾಮುಖಿಯಿಂದ ಬಂದಿರಬಹುದಲ್ಲ, ಸಮುದ್ರದಿಂದ ಬಂದಿರಬಹುದಲ್ಲ ಅಂತ ವಾಟ್ಸಾಪ್ ಗುಂಪುಗಳಲ್ಲಿ ಒಬ್ಬರಾದ್ರೂ ಕೇಳೇ ಕೇಳ್ತಾರೆ. ಒಳ್ಳೇ ಪ್ರಶ್ನೆ, ಆದರೆ ಉತ್ತರ ಸಿಕ್ಕಿ ಬಹಳ ಕಾಲ ಆಯ್ತು. ಗಾಳಿಯ ಕಾರ್ಬನ್ ದಿನೇ ದಿನೇ ಹಗುರ ಆಗ್ತಾ ಇದೆ. ಅದೇ ಅಳತೆಗೋಲಿನಲ್ಲಿ ಮೈನಸ್ ಆರೂವರೆ ಇದ್ದದ್ದು ಈಗ ಮೈನಸ್ ಎಂಟೂವರೆ ಹತ್ತಿರ ಬಂದಿದೆ. ಸಮುದ್ರದ ಕಾರ್ಬನ್ ಸೊನ್ನೆಯ ಹತ್ತಿರ ಇರುತ್ತೆ, ಜ್ವಾಲಾಮುಖಿಯದ್ದು ಮೈನಸ್ ಐದರ ಆಸುಪಾಸು. ಇವು ಬೆರೆತರೆ ಗಾಳಿ ಇಷ್ಟು ಹಗುರ ಆಗಲ್ಲ. ಆಗಬೇಕಾದ್ರೆ ಗಿಡದ ಮೈಯಿಂದ ಬಂದ ಕಾರ್ಬನ್ನೇ ಬೆರೀಬೇಕು. ಅದು ಈಗಿನ ಗಿಡನಾ, ಹಳೇದಾ? ಕಾರ್ಬನ್-14 ನೋಡಿ. ಬೆರೆತದ್ದರಲ್ಲಿ ಅದು ಇಲ್ಲವೇ ಇಲ್ಲ ಅನ್ನೋ ಮಟ್ಟಿಗೆ ಗಾಳಿಯ ಪಾಲು ತೆಳುವಾಗ್ತಿದೆ ಅಂತ ಆಸ್ಟ್ರಿಯಾ ಮೂಲದ ಹಾನ್ಸ್ ಸ್ಯೂಸ್ 1950ರ ದಶಕದಲ್ಲೇ ತೋರಿಸಿದ್ದರು. ಗಿಡದಿಂದ ಬಂದದ್ದು, ಆದರೆ ಗಡಿಯಾರ ಪೂರ್ತಿ ನಿಂತುಹೋಗುವಷ್ಟು ಹಳೆಯದು. ಹಾಗಿರೋದು ಕಲ್ಲಿದ್ದಲು, ಪೆಟ್ರೋಲ್, ಡೀಸೆಲ್.

ಇದು ಹುಲ್ಲುಗಾವಲಿಗೆ ಯಾಕೆ ಸಂಬಂಧ ಅಂದ್ರೆ, ಹಿಮಯುಗದ ತುದಿಯಲ್ಲಿ ಗಾಳಿಯಲ್ಲಿ ಕಾರ್ಬನ್ ಡೈಆಕ್ಸೈಡ್ ಇದ್ದದ್ದು 190ರ ಆಸುಪಾಸು. ಪಂಪ್ ಇರೋ ಸಿ-4 ಹುಲ್ಲಿಗೆ ಅದು ಸುಗ್ಗಿ. ಈಗ 420. ಪಂಪ್ ಇಲ್ಲದ ಸಿ-3 ಮರಪೊದೆಗಳಿಗೆ ಇದು ಸುಗ್ಗಿ. ಆಫ್ರಿಕಾದ ಸವನ್ನಾಗಳಲ್ಲಿ ಪೊದೆ ದಟ್ಟವಾಗ್ತಿರೋದಕ್ಕೆ ಇದೂ ಒಂದು ಕಾರಣ ಅಂತ ವಿಜ್ಞಾನಿಗಳು ಹೇಳ್ತಾರೆ. ಜೊತೆಗೆ ಬೆಟ್ಟದ ಮೇಲಿನ ಆ ಚಳಿರಾತ್ರಿಗಳು ಬೆಚ್ಚಗಾದ್ರೆ ಸಸಿಗಳನ್ನ ತಡೆಯುತ್ತಿದ್ದ ಕಾವಲುಗಾರನೂ ಹೋದ ಹಾಗೆ. ನೀಲಗಿರಿಯ ಹುಲ್ಲಿಗೆ ಹೊರಗಿನ ಮರದ ಕಾಟದ ಜೊತೆಗೆ ಈಗ ಗಾಳಿಯೂ ಎದುರಾಳಿ.

ಮುಕುರ್ತಿ ರಾಷ್ಟ್ರೀಯ ಉದ್ಯಾನದಲ್ಲಿ ತಮಿಳುನಾಡು ಅರಣ್ಯ ಇಲಾಖೆ ವಾಟಲ್ ಕಿತ್ತು ಹುಲ್ಲು ವಾಪಸ್ ತರೋ ಕೆಲಸ ಮಾಡ್ತಿದೆ. ಕಿತ್ತ ಜಾಗದಲ್ಲಿ ಏಳೋ ವಾಟಲ್ ಸಸಿಗಳನ್ನ ವರ್ಷ ವರ್ಷ ಕೀಳ್ತಾನೇ ಇರಬೇಕು, ಬೇಸರದ ಕೆಲಸ.

ಜೌಗಿನಲ್ಲಿ ಮಾತ್ರ ಪದರ ಕೂರ್ತಾನೇ ಇದೆ, ಇವತ್ತಿನದೂ. ಇನ್ನು ಸಾವಿರಾರು ವರ್ಷ ಆದಮೇಲೆ ಯಾರಾದ್ರೂ ಬಂದು ಅಗೆದರು ಅಂತಿಟ್ಟುಕೊಳ್ಳಿ. ಅವರಿಗೆ ನಮ್ಮ ಕಾಲದ ಪದರ ಗುರುತಿಸೋಕೆ ಕಷ್ಟವೇ ಆಗಲ್ಲ. 1960ರ ದಶಕದ ಶುರುವಿನ ಅಣುಬಾಂಬ್ ಪರೀಕ್ಷೆಗಳು ಗಾಳಿಗೆ ಸುರಿದ ಕಾರ್ಬನ್-14 ಅಲ್ಲಿ ಒಂದು ಮೊಳೆ ಹೊಡೆದ ಹಾಗೆ ಎದ್ದು ಕಾಣುತ್ತೆ. ಅದರ ಸುತ್ತಮುತ್ತ, ವಾಟಲ್ ಎಲೆ ಉದುರಿದ ಕಡೆ, ಕಾರ್ಬನ್-13 ದಿಢೀರ್ ಅಂತ ಸಿ-3 ಕಡೆಗೆ ಹಾರಿರುತ್ತೆ. ಮಳೆ ಜಾಸ್ತಿ ಆಗಿ ಕಾಡು ಬಂತಾ ಅಂತ ಅವರು ಮೊದಲು ತಲೆ ಕೆರ್ಕೊಳ್ತಾರೆ. ಆಮೇಲೆ ಸೂಕ್ಷ್ಮದರ್ಶಕದ ಕೆಳಗೆ ಪರಾಗ ಇಟ್ಟು ನೋಡ್ತಾರೆ. ಮರ ಆಸ್ಟ್ರೇಲಿಯಾದ್ದು ಅಂತ ಅಲ್ಲಿ ಗೊತ್ತಾಗುತ್ತೆ.